ಜೋಗುಪಾಳ್ಯದ ರೆಸಿಡೆಂಟರು: ಡಿಸೆಂಬರ್ ರಜೆಯ ಆಡಳಿತ ಪದ್ಧತಿ ಕುರಿತು ಒಂದು ಮಂಡನೆ

ಬೆಂಗಳೂರಿನ ದಂಡು, ಅಂದರೆ ಬ್ರಿಟಿಷರ ಕಂಟೋನ್ಮೆಂಟು, 1809ರಲ್ಲಿ ನೆಲೆಯೂರಿತು, 1949ರಲ್ಲಿ ಪೇಟೆಯ ಜೊತೆ ಒಂದೇ ನಗರಪಾಲಿಕೆಗೆ ಸೇರಿ ಮುಗಿದುಹೋಯಿತು ಎಂದು ಪೂರ್ವಸೂರಿಗಳು ಬರೆದಿದ್ದಾರೆ. ಮೊದಲ ಇಸವಿಯ ಬಗ್ಗೆ ನಮಗೆ ತಕರಾರಿಲ್ಲ. ಎರಡನೆಯದನ್ನು ಮಾತ್ರ ಒಪ್ಪಲಾಗದು. ಹಲಸೂರಿಗೂ ಇಂದಿರಾನಗರಕ್ಕೂ ನಡುವಿನ ಜೋಗುಪಾಳ್ಯದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆಯೊಂದರಲ್ಲಿ ದಂಡಿನ ಆಡಳಿತ ಇಂದಿಗೂ ಜಾರಿಯಲ್ಲಿದೆ. ಡೇಕೇರ್‌ಗೆ ಬೀಗ ಬೀಳುವ ಡಿಸೆಂಬರ್ 24ರಿಂದ ಜನವರಿ 1ರವರೆಗೆ ಅದು ಪೂರ್ಣ ಪ್ರಭೆಯಿಂದ ಬೆಳಗುತ್ತದೆ ಎಂಬುದೇ ಈ ಪ್ರಬಂಧದ ಪ್ರತಿಪಾದನೆ.

ಸದರಿ ಮನೆಯ ರೆಸಿಡೆಂಟರ, ಅಂದರೆ ಸಂಸ್ಥಾನಗಳಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಸ್ಥಾನದಲ್ಲಿರುವವರ, ವಯಸ್ಸು ಎರಡು ವರ್ಷ ಎರಡು ತಿಂಗಳು. ಎತ್ತರ 86 ಸೆಂಟಿಮೀಟರ್. ಹಲ್ಲು ಹದಿನಾರು. ಪ್ರಸ್ತುತ ಲೇಖಕನು ಆ ಮನೆಯ ಬಾಡಿಗೆ ಕಟ್ಟುವವನೂ ರೆಸಿಡೆಂಟರ ತಂದೆಯೂ ಆಗಿರುವುದರಿಂದ ಸಂಶೋಧನೆಯ ತಾಟಸ್ಥ್ಯವನ್ನು ಕೆಲವರು ಪ್ರಶ್ನಿಸಬಹುದು. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಶಿಶುಬುದ್ಧಿಯ ಬೆಳವಣಿಗೆ ಕುರಿತ ತನ್ನ ಹೆಸರಾಂತ ಸಿದ್ಧಾಂತವನ್ನು ಕಟ್ಟಿದ್ದು ತನ್ನ ಮೂವರು ಮಕ್ಕಳನ್ನೇ ಗಮನಿಸುತ್ತಾ. ಹೀಗಿರುವಾಗ ನಮ್ಮನ್ನೇಕೆ ಆಕ್ಷೇಪಿಸಬೇಕು? ಮಗು ಚಮಚವನ್ನು ಬೇಕೆಂದೇ ಮತ್ತೆ ಮತ್ತೆ ಬೀಳಿಸುವುದು ಒಂದು ಬಗೆಯ ಪ್ರಯೋಗ ಎಂದು ಕಂಡುಕೊಂಡ ಆ ಮಹನೀಯ, ಆ ಚಮಚವನ್ನು ಪ್ರತಿ ಸಲ ಎತ್ತಿಕೊಟ್ಟವರು ಯಾರು ಎಂಬ ವಿಷಯದಲ್ಲಿ ಮೌನಿ. ನಮ್ಮ ಅಧ್ಯಯನ ಆರಂಭವಾಗುವುದೇ ಅಲ್ಲಿಂದ.

ಇಲ್ಲಿ ಒಂದು ಪೂರ್ವಪಕ್ಷವನ್ನು ನಿವಾರಿಸಬೇಕು. "ಎರಡು ವರ್ಷದ ಮಗುವಿಗೆ ಎಂಥದು ರಜೆ? ಅದಕ್ಕೆ ಶಾಲೆಯೇ ಇಲ್ಲವಲ್ಲ" ಎಂದು ಮಕ್ಕಳಿಲ್ಲದ ವಿದ್ವಾಂಸರು ಕೇಳುತ್ತಾರೆ. ರಜೆ ಮಗುವಿನದಲ್ಲ, ಡೇಕೇರಿನದು. ತಂದೆತಾಯಿಗಳದಂತೂ ಅಲ್ಲವೇ ಅಲ್ಲ. ಅವರು ಮಾರ್ಚ್‌ನಿಂದ ಒಂದೊಂದಾಗಿ ಕೂಡಿಟ್ಟ ರಜಾದಿನಗಳನ್ನು ಕಪ್ಪವಾಗಿ ಒಪ್ಪಿಸುತ್ತಾರೆ, ಅಷ್ಟೇ. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನ ವರ್ಷಕ್ಕೆ 7 ಲಕ್ಷ ವರಹ ಕಟ್ಟಬೇಕಿತ್ತು. ಅದಕ್ಕೆ ಹೋಲಿಸಿದರೆ ನಮ್ಮದು ಹಗುರ ಎಂದು ಸಮಾಧಾನ ಹೇಳುವವರಿಗೆ, ದಿವಾನ್ ಪೂರ್ಣಯ್ಯನವರಿಗೆ ರಾತ್ರಿಯಾದರೂ ನಿದ್ದೆ ಇತ್ತು ಎಂಬುದನ್ನು ನೆನಪಿಸುತ್ತೇವೆ.

ಈಗ ಪ್ರಬಂಧದ ಮುಖ್ಯ ಭಾಗವಾದ ಸಹಾಯಕ ಸೈನ್ಯ ಪದ್ಧತಿಗೆ ಬರೋಣ. ವೆಲ್ಲೆಸ್ಲಿಯ ಈ ವ್ಯವಸ್ಥೆಯ ಸ್ವರೂಪ ಎಲ್ಲರಿಗೂ ತಿಳಿದದ್ದೇ: ನಿಮ್ಮ ರಕ್ಷಣೆಗೆಂದು ಒಂದು ಪಡೆ ಬಂದು ನಿಮ್ಮ ನೆಲದಲ್ಲೇ ಬೀಡುಬಿಡುತ್ತದೆ, ಖರ್ಚು ನಿಮ್ಮದು, ನಿಷ್ಠೆ ಇನ್ನೊಬ್ಬರಿಗೆ. ನಮ್ಮ ಮನೆಯಲ್ಲಿ ಈ ಪಡೆಯ ಹೆಸರು ಅತ್ತೆಯವರು. ಡೇಕೇರ್ ಮುಚ್ಚುವ ಹಿಂದಿನ ದಿನ ಅವರು ಕೋಲಾರದ ಬಸ್ಸು ಹತ್ತಿ, ಹಳೇ ಮದ್ರಾಸ್ ರಸ್ತೆಯ ಮಾರ್ಗವಾಗಿ ಕೆ.ಆರ್. ಪುರದ ತೂಗು ಸೇತುವೆ ದಾಟಿ, ಟಿನ್ ಫ್ಯಾಕ್ಟರಿಯಲ್ಲಿ ಇಳಿದರು. ಸೇನಾ ಸಾಮಗ್ರಿ: ರಾಗಿ ಹುರಿಹಿಟ್ಟು ಒಂದು ಡಬ್ಬಿ, ಹುಣಸೆಹಣ್ಣು, ಒಂದು ಗೋಣಿಚೀಲ ಅವರೆಕಾಯಿ. ಎರಡು ಹಗಲು ಎಲ್ಲವೂ ಒಪ್ಪಂದದಂತೆಯೇ ನಡೆಯಿತು. ಮೂರನೆಯ ದಿನ ರೆಸಿಡೆಂಟರು ಊಟಕ್ಕೆ ಮುಂಚೆ ಬಿಸ್ಕತ್ತು ಕೇಳಿದರು, ತಾಯಿ ಇಲ್ಲವೆಂದಳು, ಪಡೆ ಸೆರಗಿನ ಮರೆಯಲ್ಲಿ ಬಿಸ್ಕತ್ತು ದಾಟಿಸಿತು. ವಿಚಾರಣೆಯಲ್ಲಿ ದೊರೆತ ಹೇಳಿಕೆ ಹೀಗಿದೆ: "ನಿನ್ನನ್ನ ಸಾಕ್ದೋಳು ನಾನೇ ಅಲ್ವೇನೇ? ಒಂದ್ ಬಿಸ್ಕತ್ತಿಗೆ ಏನಾಗ್ತದೆ?" ಲೇಖಕ ಬಾಯಿ ತೆರೆಯುವ ಮೊದಲೇ ಅನುಬಂಧವೂ ಬಂತು: "ನೀವು ಸುಮ್ಕಿರಿ ಅಳಿಯಂದ್ರೆ."

ವೆಲ್ಲೆಸ್ಲಿಯ ಆ ಒಪ್ಪಂದಗಳಲ್ಲಿ ಇನ್ನೊಂದು ಕಲಮಿರುತ್ತಿತ್ತು, ರೆಸಿಡೆಂಟರ ಅರಿವಿಗೆ ಬಾರದೆ ಯಾವ ಹೊರರಾಜ್ಯದೊಡನೆಯೂ ವ್ಯವಹರಿಸಕೂಡದು ಎಂದು. ಅದು ನಮ್ಮಲ್ಲಿ ಅಕ್ಷರಶಃ ಪಾಲನೆಯಾಗುತ್ತದೆ. ಫೋನು ರಿಂಗಾದರೆ ಮೊದಲ ಹಲೋ ಅವರದು. "ರಜೆಯಲ್ಲಿದ್ದೀರಿ ಗೊತ್ತು, ಎರಡೇ ನಿಮಿಷ" ಎಂದ ಲೇಖಕನ ಮ್ಯಾನೇಜರು ಆ ಎರಡು ನಿಮಿಷದಲ್ಲಿ ಕೇಳಿಸಿಕೊಂಡದ್ದು ನಾಯಿ ಮತ್ತು ಕಾಗೆಯ ಕೂಗು ಮಾತ್ರ. ಬೇರೆ ಸಮಯದಲ್ಲಿ ಈ ರಾಯಭಾರ ಟಿವಿ ರಿಮೋಟಿನ ಮೂಲಕ ಸಾಗುತ್ತದೆ. ರಿಮೋಟು ಅವರ ರಾಜದಂಡ. ಕಿವಿಗೆ ಒತ್ತಿಕೊಂಡು ಮನೆ ತುಂಬ ಓಡಾಡುತ್ತಾರೆ; ನಿದ್ದೆಯಲ್ಲೂ ಕೈಬಿಡುವುದಿಲ್ಲ. ಎರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮಾಡಿದ ಶಿಫಾರಸು ನಮ್ಮ ಮನೆಯಲ್ಲಿ ಎರಡು ಪೂರ್ಣ ದಿನ ಪಾಲನೆಯಾಯಿತು. ಆ ಎರಡು ದಿನ ರಿಮೋಟು ಅಕ್ಕಿ ಡ್ರಮ್ಮಿನೊಳಗಿತ್ತು. ಅದೇ ಸಂಸ್ಥೆ ಈ ವಯಸ್ಸಿಗೆ ಹನ್ನೊಂದರಿಂದ ಹದಿನಾಲ್ಕು ಗಂಟೆ ನಿದ್ದೆ ಎಂದೂ ಹೇಳಿದೆ. ಲೆಕ್ಕ ಸರಿಯಾಗಿಯೇ ಇದೆ, ಆದರೆ ಯಾವ ಹನ್ನೊಂದು ಎಂದು ನಿರ್ದಿಷ್ಟಪಡಿಸಿಲ್ಲ.

ಕಂದಾಯ ವಸೂಲಿಯ ಅಧ್ಯಾಯ, ಅಂದರೆ ಊಟ. ಹಳೆಯ ಪದ್ಧತಿಯಲ್ಲಿ ಚಂದಮಾಮನನ್ನು ತೋರಿಸಿ ತುತ್ತು ಇಡುತ್ತಿದ್ದರು. ಮಧ್ಯಾಹ್ನ ಒಂದೂವರೆಗೆ ಚಂದ್ರ ಸಿಗುವುದಿಲ್ಲವಾದ್ದರಿಂದ ದಂಡಿನ ಪೂರ್ವಭಾಗದಲ್ಲಿ ಮೆಟ್ರೋ ಪದ್ಧತಿ ರೂಢಿಗೆ ಬಂದಿದೆ. 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ದಕ್ಷಿಣ ಭಾರತದ ಮೊದಲ ಮೆಟ್ರೋ ರೈಲು ಓಡಿದಾಗ ಅದನ್ನು ಸಾರಿಗೆ ಯೋಜನೆ ಎಂದೇ ಎಲ್ಲರೂ ಭಾವಿಸಿದ್ದರು. ನಮ್ಮ ತಾರಸಿಯ ಮೇಲೆ ನಿಂತರೆ ಸಿಎಂಎಚ್ ರಸ್ತೆಯ ಮೇಲ್ಸೇತುವೆ ಕಾಣುತ್ತದೆ. ರೈಲು ಬಂತು, ಬಾಯಿ ತೆರೆಯಿತು, ಮೊಸರನ್ನ ಒಳಗೆ. ರೈಲು ಇಲ್ಲದಿದ್ದರೆ ಬಾಯಿಯೂ ಇಲ್ಲ. ಎರಡು ದಿಕ್ಕಿನಿಂದ ಎರಡು ರೈಲು ಎದುರಾದರೆ ತುತ್ತು ಎರಡು. ಅಪರೂಪದ ಯೋಗ, ಅತ್ತೆಯವರು ಅದಕ್ಕೆ ಕೈಮುಗಿಯುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೃಷ್ಣರಾಜಪುರದ ತುಂಡು ಕೂಡಿ ವೈಟ್‌ಫೀಲ್ಡ್‌ವರೆಗೆ ನೇರ ಓಡಾಟ ಆರಂಭವಾದದ್ದನ್ನು ಐಟಿ ನೌಕರರ ಅನುಕೂಲವೆಂದು ಬಗೆಯುವುದು ಮೇಲುಮೇಲಿನ ಓದು. ಭಾನುವಾರ ಬೆಳಿಗ್ಗೆ ರೈಲುಗಳ ನಡುವಿನ ಅಂತರ ಹೆಚ್ಚುತ್ತದೆ, ಇಡ್ಲಿ ಕಲ್ಲಾಗುತ್ತದೆ. ಈ ಬಗ್ಗೆ ಮೆಟ್ರೋ ನಿಗಮ ಗಮನ ಹರಿಸಿದಂತಿಲ್ಲ.

ಇದೇ ರೈಲಿನಲ್ಲಿ ಕೂರಿಸಿಕೊಂಡು ಕಬ್ಬನ್ ಪಾರ್ಕಿನ ಬಾಲಭವನಕ್ಕೆ, ಪುಟಾಣಿ ರೈಲು ತೋರಿಸಲು, ಒಂದು ಕ್ಷೇತ್ರಕಾರ್ಯ ಕೈಗೊಳ್ಳಲಾಯಿತು. ಹಲಸೂರು ನಿಲ್ದಾಣದಲ್ಲೇ ತೊಡಕು. ಮೂರಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮೆಟ್ರೋದಲ್ಲಿ ಟಿಕೆಟ್ ಬೇಡ. "ಪಾಪು ಚಿಕ್ಕದು, ಟಿಕೆಟ್ ಬೇಡಮ್ಮ" ಎಂದು ಸೆಕ್ಯುರಿಟಿಯವರು ಸೌಜನ್ಯದಿಂದಲೇ ಹೇಳಿದರು. ಅತ್ತೆಯವರಿಗೆ ಅದು ವಂಶದ ಪ್ರಶ್ನೆಯಾಯಿತು. "ಯಾರಪ್ಪಾ ಚಿಕ್ಕದು ಅಂದಿದ್ದು? ನಮ್ಮ ಕಡೆ ಹೆಣ್ಮಕ್ಕಳೆಲ್ಲ ಎತ್ತರ. ಇವಳಾಗ್ಲೇ ಮೂರಡಿ ದಾಟವ್ಳೆ, ಬೇಕಾದ್ರೆ ಅಳೀರಿ." ಸಹಾಯಕ ಸೈನ್ಯವೇ ಬೊಕ್ಕಸದ ವಿರುದ್ಧ ಸಾಕ್ಷಿ ಹೇಳಿದ ಇಂಥ ಪ್ರಸಂಗ ವೆಲ್ಲೆಸ್ಲಿಯ ಕಾಲದಲ್ಲೂ ನಡೆದಿರಲಾರದು. ನೆತ್ತಿಯ ಜುಟ್ಟನ್ನು ಎತ್ತರಕ್ಕೆ ಸೇರಿಸಬೇಕೇ ಬೇಡವೇ ಎಂಬ ತಾತ್ವಿಕ ಚರ್ಚೆ ನಡೆಯುತ್ತಿರುವಾಗ ರೆಸಿಡೆಂಟರು ಎಸ್ಕಲೇಟರ್ ಕಡೆ ಹೊರಟುಹೋಗಿದ್ದರು. ಏರಲು ಎಸ್ಕಲೇಟರ್, ಇಳಿಯಲು ಅಪ್ಪನ ಹೆಗಲು, ಮತ್ತೆ ಏರಲು ಎಸ್ಕಲೇಟರ್. ಬಾಲಭವನ ಇದ್ದಲ್ಲೇ ಇದೆ, ಮುಂದೆಂದಾದರೂ ನೋಡಿದರಾಯಿತು.

ಭಾಷಾನೀತಿಯ ಬಗ್ಗೆ ಒಂದೆರಡು ಮಾತು. ದಂಡಿನ ಜನಜೀವನ ಮೊದಲಿನಿಂದಲೂ ಹಲವು ನುಡಿಗಳದ್ದು. ರೆಸಿಡೆಂಟರು ಆ ಪರಂಪರೆಗೆ ಚ್ಯುತಿ ತಂದಿಲ್ಲ. ತಾಯಿಗೆ "ಬೇಡ", ಕೆಳಮನೆಯ ಆಂಟಿಗೆ "ವೇಣಾಂ", ಶಿವಾಜಿನಗರದಿಂದ ಹಣ್ಣು ತರುವ ಗಾಡಿಯ ಭಾಯಿಗೆ "ನಕ್ಕೋ", ಅಜ್ಜಿಗೆ ಕೋಲಾರದ ತೆಲುಗಿನಲ್ಲಿ "ವದ್ದು". ಹೌದು ಎನ್ನಲು ಅವರ ಬಳಿ ಯಾವ ಭಾಷೆಯೂ ಇಲ್ಲ. ಕ್ರಿಸ್‌ಮಸ್ ಬೆಳಿಗ್ಗೆ ಕೆಳಮನೆಯಿಂದ ಪ್ಲಮ್ ಕೇಕು, ಕುಲ್‌ಕುಲ್ ಮತ್ತು ಅಚ್ಚು ಮುರುಕಿನ ತಟ್ಟೆ ಬಂದಾಗಲೂ ಮೊದಲು ಬಂದದ್ದು ವೇಣಾಂ. ಆಮೇಲೆ ಕೇಕಿನಲ್ಲಿದ್ದ ದ್ರಾಕ್ಷಿಯನ್ನೆಲ್ಲ ಒಂದೊಂದಾಗಿ ಅಗೆದು ತೆಗೆದು, ಗಣಿ ಮುಗಿದ ನೆಲವನ್ನು ಹಾಗೇ ಬಿಟ್ಟರು. ಮಾಲ್‌ನ ಸಾಂಟಾ ಕ್ಲಾಸ್ ಜೊತೆಗಿನ ಸಂಧಾನ ವಿಫಲವಾಯಿತು. ಕೂಗಿದ್ದು ಅವರೊಬ್ಬರೇ ಅಲ್ಲ, ಸಾಲಿನಲ್ಲಿದ್ದ ಮಕ್ಕಳೆಲ್ಲ ಕೂಗಿದರು.

ಈ ಆಳ್ವಿಕೆಯ ಏಕೈಕ ಉತ್ಪಾದಕ ಗಂಟೆಯನ್ನು ದಾಖಲಿಸದಿದ್ದರೆ ಇತಿಹಾಸಕ್ಕೆ ಅನ್ಯಾಯ. ಅತ್ತೆಯವರು ರಾತ್ರಿ ನೆನೆಹಾಕಿದ ಅವರೆಕಾಳನ್ನು ಬೆಳಿಗ್ಗೆ ಸ್ಟೀಲ್ ಬೇಸಿನ್ನಿನಲ್ಲಿ ನಡುಮನೆಗೆ ತಂದಿಟ್ಟು, ಒಂದು ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿತುಕಿ ತೋರಿಸಿದರು. ಸಿಪ್ಪೆ ಕೈಯಲ್ಲುಳಿಯಿತು, ಬೇಳೆ ಚಿಮ್ಮಿ ಪಾತ್ರೆಗೆ ಬಿತ್ತು. ರೆಸಿಡೆಂಟರು ಸ್ತಬ್ಧರಾದರು. ನಂತರದ ಒಂದು ಗಂಟೆ ಮನೆಯಲ್ಲಿ ಹಿತುಕುವ ಸದ್ದಲ್ಲದೆ ಬೇರೆ ಸದ್ದಿಲ್ಲ. ಬೇಳೆಗಳು ಪಾತ್ರೆಗೂ ಬಿದ್ದವು. ಟಿವಿಗೆ, ಸೋಫಾ ಸಂದಿಗೆ, ಲೇಖಕನ ಲ್ಯಾಪ್‌ಟಾಪ್ ಕೀಲಿಮಣೆಗೂ ಬಿದ್ದವು. ಒಂದು ಕಾಳು ಮೂಗಿನತ್ತ ಪ್ರಯಾಣ ಬೆಳೆಸಿದ್ದನ್ನು ಅಜ್ಜಿಯ ಕೈ ಗಡಿಯಲ್ಲೇ ತಡೆಯಿತು. ಕೈಗಂಟಿದ ಸೊಗಡು ಸಂಜೆಯ ಸ್ನಾನಕ್ಕೂ ಜಗ್ಗಲಿಲ್ಲ. ರಾತ್ರಿ ಹಿತುಕಿದ ಬೇಳೆ ಸಾರಿಗೆ ಮುದ್ದೆ. ತಾವೇ ಹಿತುಕಿದ್ದನ್ನು ತಿನ್ನಲು ರೆಸಿಡೆಂಟರು ನಾಲ್ಕೂ ಭಾಷೆಗಳಲ್ಲಿ ನಿರಾಕರಿಸಿದರು.

ಇನ್ನು ಶಾಸನಾಧಾರ. ಬೆಂಗಳೂರು ಸೀಮೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದ ಬಿ.ಎಲ್. ರೈಸ್ ಇದೇ ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿದವರು. ದೊಮ್ಮಲೂರಿನ ಚೊಕ್ಕನಾಥ ದೇಗುಲದ ಬರಹಗಳು ನಮ್ಮ ಮನೆಗೆ ನಡೆದು ಹೋಗುವಷ್ಟೇ ದೂರ. ಆದರೆ ನಡುಮನೆಯ ಉತ್ತರ ಗೋಡೆಯ ಮೇಲೆ, ನೆಲದಿಂದ ಒಂದಡಿ ಎತ್ತರದಿಂದ ಮೂರೂವರೆ ಅಡಿಯವರೆಗೆ, ಕೆಂಪು ಮತ್ತು ನೇರಳೆ ಕ್ರಯಾನಿನಲ್ಲಿರುವ ಶಾಸನವನ್ನು ಈವರೆಗೆ ಯಾರೂ ಸಂಪಾದಿಸಿಲ್ಲ. ಬೇಗೂರಿನ ವೀರಗಲ್ಲಿನಂತೆ ಇದರಲ್ಲೂ ಕಾಳಗವಿದೆ: ಕೆಳಗೆ ಗೆರೆಗಳು ಒಂದರ ಮೇಲೊಂದು ಬಿದ್ದಿವೆ, ನಡುವೆ ಕ್ರಯಾನು ಮುರಿದ ಗುರುತು, ಮೇಲೆ ಒಂದು ದುಂಡಗಿನ ಆಕೃತಿ. ಈ ದುಂಡು ಸೂರ್ಯ ಎಂದು ತಾಯಿಯ ಪಾಠ. ಮೆಟ್ರೋ ಚಕ್ರವೆಂದು ತಂದೆಯದು. ಅತ್ತೆಯವರು ಕನ್ನಡಕ ಏರಿಸಿ ನೋಡಿ, "ಇದು ನಾನೇ, ಕುಂಕುಮ ನೋಡಿ" ಎಂದು ವಿವಾದವನ್ನು ಮುಚ್ಚಿದರು.

ದಾನಶಾಸನಗಳ ಕೊನೆಯಲ್ಲಿ, ಇದನ್ನು ಅಳಿಸಿದವರು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾರೆ ಎಂಬ ಶಾಪಾಶಯ ಇರುವುದುಂಟು. ಇಲ್ಲಿ ಅದು ಬರಹದಲ್ಲಿಲ್ಲ. ತಾಯಿ ಒದ್ದೆ ಬಟ್ಟೆ ಹಿಡಿದು ಗೋಡೆಯ ಹತ್ತಿರ ಹೋದಾಗ ಅದು ಮೌಖಿಕವಾಗಿ, ಬೀದಿಗೆಲ್ಲ ಕೇಳುವಂತೆ ಜಾರಿಯಾಯಿತು. ಅಷ್ಟರಲ್ಲಿ ಬಾಡಿಗೆ ವಿಷಯ ಮಾತಾಡಲು ಬಂದ ಮನೆ ಮಾಲೀಕರು ಗೋಡೆಯನ್ನು ದೀರ್ಘವಾಗಿ ಪರಿಶೀಲಿಸಿದರು. ಅವರದು ಭಾಷ್ಯವಲ್ಲ, ತೀರ್ಪು: ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಹೇಗೂ ವಾಡಿಕೆ, ಇನ್ನು ಮೇಲೆ ಎಷ್ಟು ಬರೆದರೂ ಅಷ್ಟೇ. "ಮಗು ನಾಲ್ಕ್ ಗೆರೆ ಎಳೆದ್ರೆ ಗೋಡೆ ಬಿದ್ದೋಗ್ತದಾ?" ಎಂದು ಒಳಗಿನಿಂದ ಪಡೆಯ ದನಿ. ರೆಸಿಡೆಂಟರು ತೀರ್ಪನ್ನು ಪರವಾನಗಿ ಎಂದು ಗ್ರಹಿಸಿ ಅಂದೇ ಪೂರ್ವದ ಗೋಡೆಯಲ್ಲಿ ಎರಡನೆಯ ಶಾಸನ ಹಾಕಿಸಿದರು.

ಜನವರಿ 1ರ ಸಂಜೆ ಡೇಕೇರಿನಿಂದ ವಾಟ್ಸ್ಯಾಪ್ ಬಂತು, ಬಾಗಿಲು ತೆರೆಯುವುದು 2ಕ್ಕಲ್ಲ, 5ಕ್ಕೆ ಎಂದು. ಇಬ್ಬರ ರಜೆಯ ಬೊಕ್ಕಸವೂ ಬರಿದಾಗಿತ್ತು. ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿರುವಾಗಲೇ ಅತ್ತೆಯವರು ಚೀಲ ಕಟ್ಟತೊಡಗಿದರು. "ನಾನೇ ಕರ್ಕೊಂಡೋಗ್ತೀನಿ. ಊರಲ್ಲಿ ಕರು ಹಾಕೈತೆ, ನೋಡ್ಕೊಂಡು ಇರ್ತಾಳೆ." ಹೀಗೆ ರಾಜಧಾನಿ ಕೋಲಾರಕ್ಕೆ ಸ್ಥಳಾಂತರಗೊಂಡಿತು. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಹೊರಟಾಗ ರೆಸಿಡೆಂಟರು ಕಿಟಕಿಯಿಂದ ನಮ್ಮತ್ತ ತಿರುಗಿಯೂ ನೋಡಲಿಲ್ಲ, ಪಕ್ಕದ ಸೀಟಿನವರ ಕೋಳಿಯನ್ನು ನೋಡುತ್ತಿದ್ದರು.

ಮೈಸೂರಿನ ಇತಿಹಾಸ ಬಲ್ಲವರಿಗೆ 1881ರ ಹಸ್ತಾಂತರ ನೆನಪಾದೀತು. ಐವತ್ತು ವರ್ಷಗಳ ನೇರ ಆಳ್ವಿಕೆಯ ನಂತರ ಬ್ರಿಟಿಷರು ರಾಜ್ಯವನ್ನೆಲ್ಲ ಒಡೆಯರಿಗೆ ಮರಳಿಸಿ, ಮುಖ್ಯವಾದದ್ದನ್ನು, ಅಂದರೆ ದಂಡನ್ನು, ತಮ್ಮ ಕೈಯಲ್ಲೇ ಉಳಿಸಿಕೊಂಡರು. ಜೋಗುಪಾಳ್ಯದ ಮನೆಯೂ ಅಂದು ಸಂಜೆ ಏಳಕ್ಕೆ ನಮಗೆ ಮರಳಿ ದೊರೆಯಿತು: ಸೋಫಾ ಖಾಲಿ, ಮಂಚ ಖಾಲಿ, ಸಿನಿಮಾ ನೋಡೋಣವೆಂದು ಹೆಂಡತಿ ಅವರೆಬೇಳೆ ಚಿತ್ರಾನ್ನ ಕಲಸಿ ತಂದಳು. ಸೋಫಾ ಸಂದಿ ಹುಡುಕಿದೆವು, ಅಕ್ಕಿ ಡ್ರಮ್ಮು ಹುಡುಕಿದೆವು, ವಾಷಿಂಗ್ ಮಷೀನಿನಲ್ಲಿ ಕೈಯಾಡಿಸಿದೆವು. ಒಂಬತ್ತಕ್ಕೆ ಅತ್ತೆಯವರ ವಿಡಿಯೋ ಕಾಲ್ ಬಂತು. ರೆಸಿಡೆಂಟರು ಕರುವಿನ ಕಿವಿಗೆ ರಿಮೋಟು ಹಿಡಿದು ಮಾತಾಡಿಸುತ್ತಿದ್ದರು.