ಕಳಮೇಶ್ವರದ ಕ್ಯೋಟೋ ರಾಯರು

ನಾಗಪುರದಿಂದ ಇಟಾರ್ಸಿಗೆ ಹೋಗುವ ರೈಲು ಹಾದಿಯಲ್ಲಿ ಕಳಮೇಶ್ವರ ಸಿಗುತ್ತದೆ. ಸುತ್ತಲೂ ಕಿತ್ತಳೆ ತೋಟ, ಮಗ್ಗುಲಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು. ನೌಕರಿಗೆಂದು ಬಂದ ಧಾರವಾಡದ ಕಡೆಯವರಿಗೆ ಊರಿನ ಹೆಸರು ಕೇಳಿದರೇ ತಮ್ಮ ಹಳ್ಳಿಯ ಕಲ್ಮೇಶ್ವರನ ಗುಡಿ ನೆನಪಾಗಿ ಅರ್ಧ ಪರದೇಶಿತನ ಕಳೆಯುತ್ತದೆ. ಉಳಿದರ್ಧ ಕಳೆಯಲು ಒಬ್ಬೊಬ್ಬರದು ಒಂದೊಂದು ಉಪಾಯ. ಅಂಥವರಲ್ಲಿ ಒಬ್ಬರನ್ನು ಕ್ಯೋಟೋ ರಾಯರು ಎಂದು ಕರೆಯೋಣ. ಈ ಜಾತಿಯವರು ಹುಬ್ಬಳ್ಳಿಯಲ್ಲೂ ಇದ್ದಾರೆ, ಮಲ್ಲೇಶ್ವರದಲ್ಲೂ ಇದ್ದಾರೆ; ಊರು ಬೇರೆ, ಎಕ್ಸೆಲ್ ಶೀಟು ಒಂದೇ. ರಾತ್ರಿ ಊಟವಾದ ಮೇಲೆ ಜಪಾನಿನ ಕ್ಯೋಟೋ ಪ್ರವಾಸದ ಪ್ಲ್ಯಾನಿಗೆಂದು ಲ್ಯಾಪ್‌ಟಾಪ್ ತೆರೆದುಕೊಳ್ಳುತ್ತದೆ. ಒಂದು ಕಾಲಂನಲ್ಲಿ ತಾರೀಖು, ಇನ್ನೊಂದರಲ್ಲಿ ಗುಡಿ, ಮೂರನೆಯದರಲ್ಲಿ ಬಸ್ಸು. ಸಿಟಿ ಬಸ್ಸಿನ ಚಾರ್ಜು 230 ಯೆನ್. ದಿನದ ಬಸ್ ಪಾಸ್ ಎಂಬ ಸಾಲಿನ ಮೇಲೆ ಕೆಂಪು ಗೆರೆ, ಏಕೆಂದರೆ ಅದರ ಮಾರಾಟ 2023ರಲ್ಲೇ ನಿಂತಿತು. 'ಊಟ' ಎಂಬ ಕಡೆ ಹಳದಿ ಬಣ್ಣ: ಜಪಾನಿನಲ್ಲಿ ತರಕಾರಿ ಪಲ್ಯಕ್ಕೂ ಒಣಮೀನು ಹೆರೆದು ಕುದಿಸಿದ ದಾಶಿ ಸಾರು ಬೀಳುತ್ತದೆಂದು ಗೊತ್ತಾದ ದಿನದಿಂದ ಅಲ್ಲಿ 'ಅವಲಕ್ಕಿ, ಚಟ್ನಿಪುಡಿ, 2 ಕೆಜಿ' ಎಂದು ಬರೆದಿದೆ. ಇಷ್ಟೆಲ್ಲ ಇದ್ದೂ ರಾಯರು ಕ್ಯೋಟೋಕ್ಕೆ ಹೋಗಿಲ್ಲ. ಜನ ನಗುತ್ತಾರೆ. ನಗುವುದು ತಪ್ಪಲ್ಲ, ಆದರೆ ನಗುವವರು ಕ್ಯೋಟೋವನ್ನೂ ತಿಳಿದವರಲ್ಲ, ನಮ್ಮ ಮದುವೆಗಳನ್ನೂ ಸರಿಯಾಗಿ ನೋಡಿದವರಲ್ಲ ಎಂಬುದು ನನ್ನ ವಾದ.

ಮದುವೆಯನ್ನೇ ಮೊದಲು ನೋಡಿ. ಮದುಮಗ ಕೊಡೆ ಹಿಡಿದು, ಕೋಲು ಊರಿ, ಕಾಶಿಗೆ ಹೊರಡುತ್ತಾನೆ. ಛತ್ರದ ಬಾಗಿಲು ದಾಟುವುದರೊಳಗೆ ಮಾವ ಬಂದು ತಡೆಯುತ್ತಾರೆ. ಅವನು ತಿರುಗಿ ಬರುತ್ತಾನೆ, ಎಲ್ಲರೂ ಊಟಕ್ಕೆ ಕೂರುತ್ತಾರೆ. ಅವನು ಕಾಶಿ ಮುಟ್ಟಲಿಲ್ಲವಲ್ಲ ಎಂದು ಯಾರೂ ಹಂಗಿಸುವುದಿಲ್ಲ. ಹೊರಟು ನಿಲ್ಲುವುದನ್ನೇ ಶಾಸ್ತ್ರ ಮಾಡಿಕೊಂಡ ಜನ ನಾವು. ರಾಯರು ಕೊಡೆಯ ಬದಲು ಲ್ಯಾಪ್‌ಟಾಪ್ ಹಿಡಿದರು, ಅಷ್ಟೇ ವ್ಯತ್ಯಾಸ. ಇನ್ನು ಕ್ಯೋಟೋ. ಆ ಊರು ಹುಟ್ಟಿದ್ದೇ ಶೀಟಿನ ಮೇಲೆ. 784ರಲ್ಲಿ ನಾಗಾವೊಕಾದಲ್ಲಿ ಒಂದು ರಾಜಧಾನಿ ಶುರುಮಾಡಿ, ಹತ್ತು ವರ್ಷದಲ್ಲಿ ಅದನ್ನು ಕೈಬಿಟ್ಟು, 794ರಲ್ಲಿ ಕನ್ಮು ಚಕ್ರವರ್ತಿ ಚೀನಾದ ಚಾಂಗಾನ್ ನಗರದ ಮಾದರಿಯಲ್ಲಿ ಗೆರೆ ಎಳೆದು ಹೇಯಾನ್‌ಕ್ಯೋ ಎಂಬ ಊರು ಹಾಕಿಸಿದ. ಚದುರಂಗದ ಮನೆಯಂತೆ ಬೀದಿಗಳು, ನಡುವೆ ಎಂಬತ್ತು ಮೀಟರಿಗೂ ಹೆಚ್ಚು ಅಗಲದ ರಾಜಬೀದಿ. ಪೂರ್ವದ ಭಾಗ ತುಂಬಿತು. ಪಶ್ಚಿಮದ್ದು ಜೌಗು ನೆಲ, ಜನ ನಿಲ್ಲಲಿಲ್ಲ. 982ರ ಹೊತ್ತಿಗೇ ಅದು ಹಾಳು ಸುರಿಯುತ್ತಿತ್ತೆಂದು ಆ ಕಾಲದ ಪಂಡಿತನೊಬ್ಬ ಬರೆದಿಟ್ಟಿದ್ದಾನೆ. ಅಂದರೆ ಕ್ಯೋಟೋಕ್ಕೇ ಕ್ಯೋಟೋದ ಪ್ಲ್ಯಾನು ಪೂರ್ತಿ ಮುಗಿಸಲಾಗಲಿಲ್ಲ. ಇದಕ್ಕಿಂತ ಸ್ವಾರಸ್ಯದ್ದು ಅಲ್ಲಿನ ಎರಡು ಮಂಟಪಗಳ ಕಥೆ. ಕಿಂಕಾಕುಜಿಗೆ ನಿಜವಾಗಿಯೂ ಚಿನ್ನದ ರೇಕು ಹೊದಿಸಿದರು. 1950ರಲ್ಲಿ ಅಲ್ಲಿನ ಕಿರಿಯ ಸನ್ಯಾಸಿಯೊಬ್ಬನೇ ಬೆಂಕಿಯಿಟ್ಟ, ಈಗ ನಿಂತಿರುವುದು 1955ರಲ್ಲಿ ಮತ್ತೆ ಕಟ್ಟಿದ್ದು. ಗಿಂಕಾಕುಜಿಗೆ ಬೆಳ್ಳಿ ಹೊದಿಸುವ ಯೋಚನೆಯಿತ್ತೆಂಬ ಪ್ರತೀತಿ, ಹೊದಿಸಲಿಲ್ಲ. ಇವತ್ತಿಗೂ ಅದರ ಹೆಸರು ಬೆಳ್ಳಿ ಮಂಟಪ, ಮರ ಮಾತ್ರ ಹದಿನೈದನೆಯ ಶತಮಾನದ್ದೇ. ಮಾಡಿ ಮುಗಿಸಿದ್ದು ಸುಟ್ಟಿತು, ಯೋಚಿಸಿ ಬಿಟ್ಟದ್ದು ಉಳಿಯಿತು. ರಾಯರ ಶೀಟನ್ನು ಬೆಳ್ಳಿ ಮಂಟಪದ ಲೆಕ್ಕಕ್ಕೆ ಸೇರಿಸಲು ಅಡ್ಡಿಯೇನು?

ರಾಯರು ಜಿಪುಣರು, ದುಡ್ಡು ಬಿಚ್ಚಲಾಗದೆ ಪ್ಲ್ಯಾನಿನ ನೆಪ ಹೇಳುತ್ತಾರೆ ಎಂಬುದು ಮೊದಲ ಆಕ್ಷೇಪ. ಜಿಪುಣನ ಗುಣ ಬೇರೆ: ಕೊಳ್ಳದ ವಸ್ತುವಿನ ಬೆಲೆ ಕೇಳಿ ಅವನು ನಿದ್ದೆಗೆಡುವುದಿಲ್ಲ. ಜಪಾನಿನ ಏಳು ದಿನದ ರೈಲು ಪಾಸಿನ ದರ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ ಒಂದೇ ಏಟಿಗೆ 50,000ಕ್ಕೆ ಏರಿದಾಗ ಇಡೀ ಕಳಮೇಶ್ವರದಲ್ಲಿ ಸೂತಕ ಹಿಡಿದವರು ರಾಯರೊಬ್ಬರೇ. ಮೂರು ರಾತ್ರಿ ಕೂತು ಲೆಕ್ಕ ಹಾಕಿದರು. ಟೋಕಿಯೋದಿಂದ ಕ್ಯೋಟೋಕ್ಕೆ ಬುಲೆಟ್ ರೈಲಿನ ಟಿಕೆಟ್ ಒಂದು ಕಡೆಗೆ ಸುಮಾರು ಹದಿನಾಲ್ಕು ಸಾವಿರ ಯೆನ್, ಹೋಗಿಬರಲು ಇಪ್ಪತ್ತೆಂಟು. ಹಾಗಾದರೆ ಪಾಸು ಕೊಂಡರೆ ಇಪ್ಪತ್ತೆರಡು ಸಾವಿರ ಲುಕ್ಸಾನು. ಪಾಸಿನ ಸಾಲು ಅಳಿಸಿದರು, ಅಷ್ಟು ದುಡ್ಡು ಉಳಿಯಿತೆಂದು ಮನೆಯಲ್ಲಿ ಶಿರಾ ಮಾಡಿಸಿದರು. ಇದು ದುಡ್ಡನ್ನು ಬಿಗಿಹಿಡಿಯುವವರ ಲಕ್ಷಣ ಅಲ್ಲವೇ ಅಲ್ಲ. ಇನ್ನೂ ಖರ್ಚಾಗದ ದುಡ್ಡಿನ ಸುಖದುಃಖ ಪೂರ್ತಿ ಉಣ್ಣುವವರದು.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಮನಸ್ಸು ಬಂದಾಗ ಹೆಗಲಿಗೆ ಚೀಲ ಹಾಕಿ ಹೊರಡುವುದೇ ಯಾತ್ರೆ, ಕೋಷ್ಟಕ ಹಾಕಿದರೆ ಅದು ಕಾರ್ಖಾನೆಯ ಶಿಫ್ಟು ಎನ್ನುತ್ತಾರೆ. ಉದಾಹರಣೆಯನ್ನೂ ಪಕ್ಕದ ನಾಗಪುರದಿಂದಲೇ ಕೊಡುತ್ತಾರೆ: 1960ರ ದಶಕದ ಕೊನೆಯಲ್ಲಿ ಜಪಾನಿನ ಸುರೇಯಿ ಸಸಾಯಿ ಎಂಬ ಬೌದ್ಧ ಭಿಕ್ಷು ಬಿಹಾರದ ರಾಜಗೀರದಲ್ಲಿದ್ದಾಗ, ನಾಗಪುರಕ್ಕೆ ಹೋಗು ಎಂಬ ಆದೇಶ ದರ್ಶನದಲ್ಲಿ ಸಿಕ್ಕಿತೆಂದು ಎದ್ದು ಬಂದೇಬಿಟ್ಟರು. 1956ರ ಅಕ್ಟೋಬರ್ 14ರಂದು ಅಂಬೇಡ್ಕರರು ಧಮ್ಮದೀಕ್ಷೆ ಪಡೆದ ಊರಿನಲ್ಲೇ ನೆಲೆನಿಂತು, ಭಾರತದ ಪೌರರೂ ಆದರು. ಒಪ್ಪಿದೆ. ಆದರೆ ಅವರು ಬಂದವರು, ಹಿಂದಿರುಗುವ ಟಿಕೆಟ್ ಇಟ್ಟುಕೊಂಡವರಲ್ಲ. ಹತ್ತು ದಿನದ ರಜೆ ಸಿಕ್ಕವನು ದರ್ಶನಕ್ಕೆ ಕಾದರೆ ರಜೆ ಮುಗಿಯುತ್ತದೆ. ಮೇಲಾಗಿ ಜಪಾನಿನ ಸರ್ಕಾರವೇ ರಾಯರ ಪಕ್ಷ: ವೀಸಾ ಅರ್ಜಿಯ ಜೊತೆ ಯಾವ ದಿನ ಎಲ್ಲಿರುತ್ತೀರಿ, ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ದಿನವಹಿ ಬರೆದುಕೊಡಬೇಕು. ಪಾಚಿಯ ತೋಟಕ್ಕೆ ಹೆಸರಾದ ಸೈಹೋಜಿ ದೇವಾಲಯ 1977ರಿಂದ ಮುಂಚಿತ ಅರ್ಜಿಯಿಲ್ಲದೆ ಯಾರನ್ನೂ ಒಳಗೆ ಬಿಡುತ್ತಿಲ್ಲ. ಬಹುಕಾಲ ಅದಕ್ಕೆ ಜವಾಬು ಕಾರ್ಡೇ ಬರೆಯಬೇಕಿತ್ತು. ಪಾಚಿ ನೋಡಲು ಕಾರ್ಡು ಬರೆಸಿಕೊಳ್ಳುವ ಊರಿಗೆ ರಾಯರಿಗಿಂತ ತಕ್ಕ ಅತಿಥಿ ಎಲ್ಲಿ ಸಿಕ್ಕಾರು? ತಮಾಷೆಯೆಂದರೆ ಅವರ ಶೀಟನ್ನು ಇಸಿದುಕೊಂಡು ನಾಲ್ಕು ಸಂಸಾರ ಹೋಗಿಬಂದಿವೆ. ಚಿನ್ನದ್ದು ಯಾವುದು, ಬೆಳ್ಳಿಯದ್ದು ಯಾವುದು ಎಂದು ಫೋಟೋ ಹಿಡಿದು ತಡವರಿಸುವವರು ಅವರು, ತಿದ್ದುವವರು ರಾಯರು.

ಹೋಗದವನಿಂದ ಊರಿಗೇನು ಉಪಕಾರ ಎಂಬ ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ಸಲೀಸಲ್ಲ. 1926ರಲ್ಲಿ ಹೆನ್ರಿ ಸ್ಟಿಮ್ಸನ್ ಎಂಬ ಅಮೆರಿಕನ್ ಕ್ಯೋಟೋ ನೋಡಿಬಂದಿದ್ದ. 1945ರಲ್ಲಿ ಅವನೇ ಯುದ್ಧ ಖಾತೆಯ ಮಂತ್ರಿ. ಅಣುಬಾಂಬಿಗೆ ಗುರಿಯಾಗಬೇಕಾದ ಊರುಗಳ ಪಟ್ಟಿಯಲ್ಲಿ ಕ್ಯೋಟೋ ಇದ್ದುದನ್ನು ಕಂಡು, ಸೇನಾಧಿಕಾರಿಗಳು ಎಷ್ಟು ಜಗ್ಗಿದರೂ ಬಿಡದೆ ಹೊಡೆದುಹಾಕಿಸಿದ. ಆಮೇಲೆ ಪಟ್ಟಿಗೆ ಸೇರಿದ್ದು ನಾಗಸಾಕಿ. ಆದ್ದರಿಂದ ಈ ಕಥೆಯಲ್ಲಿ ನಗಲು ಏನೂ ಇಲ್ಲ. ಕಣ್ಣಿಂದ ಕಂಡವನ ಮಾತಿಗೆ ಶೀಟಿಗಿಲ್ಲದ ತೂಕವಿದೆ ಎಂಬುದನ್ನು ರಾಯರ ಪರವಾಗಿ ನಾನು ಒಪ್ಪಿಕೊಳ್ಳಬೇಕು. ಕ್ಯೋಟೋದವರೂ ಮುನ್ನುಗ್ಗುವವರ ಕಡೆಯೇ. ಎದೆಗಟ್ಟಿ ಮಾಡಿ ಏನಾದರೂ ನಿರ್ಧರಿಸಿದರೆ ಅಲ್ಲಿನ ಕಿಯೋಮಿಜು ದೇವಾಲಯದ ಜಗಲಿಯಿಂದ ಹಾರಿದ ಹಾಗೆ ಎನ್ನುವುದು ಜಪಾನಿನ ನುಡಿಗಟ್ಟು. ಸುಮಾರು ಹದಿಮೂರು ಮೀಟರ್ ಎತ್ತರದ ಆ ಮರದ ಜಗಲಿಯಿಂದ, ಹರಕೆ ಕೈಗೂಡಲೆಂದು, ನಿಜವಾಗಿಯೂ ಹಾರುತ್ತಿದ್ದರು. ದೇವಾಲಯದ ದಾಖಲೆಯಲ್ಲಿ ಹಳೆಯ ಕಾಲದ 234 ಹಾರಾಟಗಳಿವೆ, ನೂರಕ್ಕೆ ಎಂಬತ್ತೈದರಷ್ಟು ಜನ ಬದುಕಿದರು. ಈ ಅಂಕಿ ರಾಯರ ಶೀಟಿನಲ್ಲೂ ಇದೆ. ಉಳಿದ ಹದಿನೈದರ ಕಡೆ ಬೆರಳು ತೋರಿಸುವುದು ಅವರ ಸ್ವಭಾವ.

ಅವರನ್ನು ಪ್ರತಿವರ್ಷ ತಡೆಯುವ ಮಾವ ಯಾರೆಂದರೆ ಸಕುರಾ ಹೂವು. ಕ್ಯೋಟೋದಲ್ಲಿ ಚೆರ್ರಿ ಅರಳಿದ ದಿನಗಳ ಲೆಕ್ಕ 812ರಿಂದ ಸಿಗುತ್ತದೆ. ಸಾವಿರದಿನ್ನೂರು ವರ್ಷದ ಈ ಪಟ್ಟಿಯನ್ನು ನಂಬಿ ರಾಯರು ಏಪ್ರಿಲ್ ಎರಡನೆಯ ವಾರ ಗುರುತು ಹಾಕಿದ್ದರು. 2021ರಲ್ಲಿ ಅದು ಮಾರ್ಚ್ 26ಕ್ಕೇ ತುಂಬಿ ಅರಳಿಬಿಟ್ಟಿತು. ಭೂಮಿ ಕಾದರೆ ಹೂವು ಅವಸರ ಮಾಡುತ್ತದೆ. ಮಾರ್ಚ್ ಕೊನೆಗೆ ಕಾರ್ಖಾನೆಯಲ್ಲಿ ವರ್ಷದ ಲೆಕ್ಕ ಮುಗಿಸಬೇಕು, ರಜೆ ಇಲ್ಲ. ಹಾಗಾಗಿ ಫೆಬ್ರವರಿ ರಾತ್ರಿಗಳಲ್ಲಿ ಅವರು ಮುನ್ಸೂಚನೆಯ ನಕ್ಷೆಯ ಮುಂದೆ ಕೂತಿರುತ್ತಾರೆ. ಅದೇ ಹೊತ್ತಿಗೆ ಕಿಟಕಿಯಾಚೆ ಕಿತ್ತಳೆಯ ಆಂಬಿಯಾ ಬಹಾರ ನಡೆದಿರುತ್ತದೆ. ಡಿಸೆಂಬರಿನಲ್ಲಿ ರೈತರು ಗಿಡಕ್ಕೆ ನೀರು ನಿಲ್ಲಿಸಿ 'ತಾಣ' ಕೊಡುತ್ತಾರೆ, ಎಲೆ ಬಾಡಿದ ಮೇಲೆ ನೀರು ಬಿಡುತ್ತಾರೆ. ಮೈತುಂಬ ಬಿಳಿ ಹೂ, ರಸ್ತೆಯವರೆಗೂ ಘಮಲು. ರಾಯರ ಶೀಟಿನಲ್ಲಿ ಇದಕ್ಕೆ ಕಾಲಂ ಇಲ್ಲ. ಹಾಗೆಯೇ ನಾಗಪುರದಾಚೆ ಕಾಮಠಿಯಲ್ಲಿ, ಜಪಾನಿನ ನೊರಿಕೊ ಓಗಾವಾ ಅವರ ದಾನದಿಂದ ಕಟ್ಟಿ 1999ರಲ್ಲಿ ಬಾಗಿಲು ತೆರೆದ ಡ್ರ್ಯಾಗನ್ ಪ್ಯಾಲೇಸ್ ಬುದ್ಧಮಂದಿರವಿದೆ. ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ರಾಯರ ಹೆಂಡತಿ ಬಾಯಿಯವರು ಪಾತ್ರೆ ಒರೆಸುತ್ತ ಕೇಳುತ್ತಾರೆ: "ರೀ, ಈ ರವಿವಾರ ಕಾಮಠಿಗರೆ ಹೋಗಿ ಬರೂಣೇನ್ರೀ?"

"ತಡೀ," ಎನ್ನುತ್ತಾರೆ ರಾಯರು, "ಅದಕ್ಕೂ ಒಂದು ಶೀಟ್ ಮಾಡತೀನಿ."