ನೋಟ್ಸ್ ತುಂಬದ ಕ್ಲಾಸಿನಿಂದ ಪೋಷಕ ಮಹಾಶಯರಿಗೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಪೋಷಕ ಮಹಾಶಯರೇ,

ನಿಮ್ಮ ಜಾಗರೂಕತೆಗೆ ದೊಡ್ಡ ನಮಸ್ಕಾರ. ಏಪ್ರಿಲ್ ಬಂದರೆ ಬೇಸಿಗೆ ಶಿಬಿರಕ್ಕೆ ಸಾವಿರಗಟ್ಟಲೆ ಕಟ್ಟಿ, ‘ಮಗು ಮಣ್ಣಲ್ಲಿ ಆಡ್ಲಿ, ತಾನೇ ಮಾಡಿ ಕಲೀಲಿ’ ಎನ್ನುವವರು ನೀವು. ಜೂನ್ ಬಂತೋ, ಅದೇ ಕೆಲಸ ಕಾಲಹರಣ.

ಕಳೆದ ಸಭೆಯಲ್ಲಂತೂ ನನ್ನನ್ನು ಹಿಡಿದೇಬಿಟ್ಟಿರಿ. ಐದನೇ ಕ್ಲಾಸಿನ ಗಣಿತದ ನೋಟ್ಸಿನಲ್ಲಿ ಎರಡು ಪುಟ ಖಾಲಿ! ಆ ದಿನ ಮಕ್ಕಳು ಹುರಿ ಹಿಡಿದು ವರಾಂಡದ ಸುತ್ತಳತೆ ತೆಗೆಯುತ್ತಿದ್ದರು. ಕಂಬವನ್ನು ಬಳಸಿ ಅಳೆಯಬೇಕೋ, ಬಿಟ್ಟು ಅಳೆಯಬೇಕೋ ಎಂದು ಕಾಲು ಗಂಟೆ ಜಗಳ. ಪಕ್ಕದ ಕ್ಲಾಸಿನಿಂದ ‘ಅಲ್ಲಿ ಟೀಚರ್ ಇಲ್ವಾ?’ ಎಂಬ ಕೂಗು. ಇದ್ದೆ, ನೆಲದ ಮೇಲೆ ಕೂತಿದ್ದೆ.

ಈ ರೋಗ ಅಂಟಿದ್ದು ಹಳ್ಳಿ ಕಡೆಯಿಂದ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುಮಾಡಿದರು. ಪಾಠವನ್ನು ಕಾರ್ಡುಗಳಾಗಿ ಒಡೆದು ಕಲಿಕಾ ಏಣಿಗೆ ಜೋಡಿಸಿದರು. ಸುಗ್ಗಿಗೋ ಜಾತ್ರೆಗೋ ವಾರ ತಪ್ಪಿಸಿಕೊಂಡ ಮಗು ತಾನು ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಹತ್ತಬಹುದು. ಗೋಡೆಯ ಕೆಳಭಾಗಕ್ಕೆ ಕಪ್ಪು ಬಳಿದು, ಕೂತಲ್ಲೇ ಬರೆಯಲು ಮಕ್ಕಳಿಗೆ ಒಂದೊಂದು ಪಾಲು. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ಹಬ್ಬಿತು. ಫೀಸಿಲ್ಲದೆ ಸಿಗುವುದರ ಮೇಲೆ ನಿಮಗೆ ಅನುಮಾನ ಬರುವುದು ಸಹಜವೇ. ಅಲ್ಲೂ ಗೊಣಗಾಟ ಇರಲಿಲ್ಲವೆಂದಲ್ಲ. ಬೇರೆಬೇರೆ ಕ್ಲಾಸಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಯಾರು ಯಾವ ಮೆಟ್ಟಿಲಲ್ಲಿದ್ದಾರೆಂದು ನೋಡುತ್ತಿರುವುದು ಹುಡುಗಾಟವಲ್ಲ.

ಅದೇ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್, ಮಗು ಚಟುವಟಿಕೆಯಿಂದ, ಹುಡುಕಾಟದಿಂದ ಕಲಿಯಬೇಕು, ಹೆದರಿಕೆ ಇರಬಾರದು ಎನ್ನುತ್ತದೆ. ಪಾಪ, ಕಾಯ್ದೆ ಬರೆದವರು ನಮ್ಮ ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಇರಲಿಲ್ಲ.

ತಪ್ಪೆಲ್ಲ ನಿಮ್ಮದೇ ಎನ್ನಲಾರೆ. ತರಬೇತಿಯಲ್ಲಿ ನಮಗೆ ‘ಮಕ್ಕಳನ್ನು ಮಾತಾಡಿಸಿ’ ಅಂತಾರೆ. ಶಾಲೆಗೆ ವಾಪಸು ಬಂದರೆ ‘ಪೋರ್ಷನ್ ಎಷ್ಟಾಯ್ತು?’ ಅಂತಾರೆ. ಎಸ್ಸೆಸ್ಸೆಲ್ಸಿಯ ಗುಮ್ಮ ಐದನೇ ಕ್ಲಾಸಿಗೇ ಬಂದು ಕೂತಿದೆ. ತುಂಬಿದ ನೋಟ್ಸನ್ನು ಪುಟ ತಿರುವಿ ನೋಡಬಹುದು, ಸಹಿ ಹಾಕಬಹುದು. ಕಂಬದ ಹತ್ತಿರ ನಡೆದ ಜಗಳಕ್ಕೆ ಎಲ್ಲಿ ಸಹಿ ಹಾಕುತ್ತೀರಿ?

ಹಾಗಾಗಿ ಮುಂದಿನ ಶನಿವಾರದ ಸಭೆಯಲ್ಲಿ ಸಣ್ಣ ಬದಲಾವಣೆ. ಬೆಂಚಿನಲ್ಲಿ ನೀವು ಕೂರಬೇಕು, ಪ್ರಶ್ನೆ ಮಕ್ಕಳು ಕೇಳುತ್ತಾರೆ. ಮೊದಲನೆಯದನ್ನು ಈಗಲೇ ಲೀಕ್ ಮಾಡುತ್ತೇನೆ: ವೃಷಭಾವತಿಯಲ್ಲಿ ಆ ನೊರೆ ಎಲ್ಲಿಂದ ಬರುತ್ತದೆ, ಅದರಲ್ಲಿ ನಮ್ಮ ಮನೆಯ ಪಾಲೆಷ್ಟು? ಗೈಡಿಗಾಗಿ ಅವೆನ್ಯೂ ರೋಡಿಗೆ ಹೋಗಬೇಡಿ, ಸಿಗುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಪೋರ್ಷನ್ ಮುಗಿಸದ ಟೀಚರ್