ಇ. ಕೋಲೈ ಬ್ಯಾಕ್ಟೀರಿಯಾ ಚಾಲನಾ ಕೈಪಿಡಿ: ಹೊಸ ಮಾಲೀಕರಿಗೆ

ಈಗಷ್ಟೇ ವಿಭಜನೆಗೊಂಡು ಸ್ವತಂತ್ರರಾದ ತಮಗೆ ಅಭಿನಂದನೆಗಳು. ವಾಹನದ ಉದ್ದ ಸುಮಾರು 2 ಮೈಕ್ರಾನ್. ಹೊರಡುವ ಮುನ್ನ ಸೂಚನೆಗಳನ್ನು ಓದಿಕೊಳ್ಳಿ.

1. ಬಿಡಿಭಾಗಗಳು: ಮೈಸುತ್ತ ಎಳೆಗಳಂಥ ನಾಲ್ಕಾರು ಕಶಾಂಗಗಳು, ಪ್ರತಿಯೊಂದರ ಬುಡದಲ್ಲೂ ಮೋಟಾರು. ಒಳನುಗ್ಗುವ ಪ್ರೋಟಾನುಗಳೇ ಇಂಧನ. ಸ್ಟಿಯರಿಂಗ್ ಕೊಟ್ಟಿಲ್ಲ, ಡಬ್ಬದಲ್ಲಿ ಹುಡುಕಬೇಡಿ. ಬ್ರೇಕಿನ ಚಿಂತೆಯೂ ಬೇಡ. ನಿಮ್ಮ ಗಾತ್ರಕ್ಕೆ ನೀರು ಎಷ್ಟು ಮಂದವೆಂದರೆ, ಮೋಟಾರು ನಿಂತ ಮೇಲೆ ಒಂದು ಪರಮಾಣುವಿನ ಅಗಲದಷ್ಟೂ ಜಾರುವುದಿಲ್ಲ.

2. ಚಾಲನೆ: ಮೋಟಾರುಗಳೆಲ್ಲ ಅಪ್ರದಕ್ಷಿಣವಾಗಿ ತಿರುಗಿದರೆ ಕಶಾಂಗಗಳು ಒಂದೇ ಜಡೆಯಾಗಿ, ಸುಮಾರು ಒಂದು ಸೆಕೆಂಡು ನೆಟ್ಟಗೆ ಓಡುತ್ತೀರಿ. ಒಂದೆರಡು ಮೋಟಾರು ಪ್ರದಕ್ಷಿಣವಾಗಿ ತಿರುಗಿದರೂ ಜಡೆ ಬಿಚ್ಚಿ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಲಾಗ ಹಾಕುತ್ತೀರಿ. ಆಮೇಲೆ ಮುಖ ಯಾವ ಕಡೆಗೋ, ದೇವರೇ ಬಲ್ಲ. ಅಪ್ರದಕ್ಷಿಣೆ ಅಶುಭವೆಂಬ ನಂಬಿಕೆ ಈ ಮಾದರಿಗೆ ಅನ್ವಯಿಸುವುದಿಲ್ಲ.

3. ದಾರಿ ಹಿಡಿಯುವುದು: ತಲೆಗೂ ಬಾಲಕ್ಕೂ ರುಚಿಯ ವ್ಯತ್ಯಾಸ ತಿಳಿಯದಷ್ಟು ಚಿಕ್ಕವರು ನೀವು. ಆದ್ದರಿಂದ ಈಗಿನ ರುಚಿಯನ್ನು ಮೂರ್ನಾಲ್ಕು ಸೆಕೆಂಡು ಹಿಂದಿನದರ ಜೊತೆ ತೂಗಿ. ನಿಮಗೆ ಪ್ರಿಯವಾದ ಆಸ್ಪಾರ್ಟೇಟ್ ಹೆಚ್ಚಿದೆಯೇ? ಲಾಗ ಮುಂದೂಡಿ. ಕಡಿಮೆಯಾಗಿದೆಯೇ? ಎಂದಿನಂತೆ ಹಾಕಿ. ಲಾಗದ ಆದೇಶ ಒಯ್ಯುವುದು ಚೆ-ವೈ ಎಂಬ ಪ್ರೋಟೀನು. ಫಾಸ್ಫೇಟಿನ ಮೊಹರು ಬಿದ್ದರಷ್ಟೇ ಮೋಟಾರು ಅದರ ಮಾತು ಕೇಳುತ್ತದೆ. 1972ರಲ್ಲಿ ಹೋವರ್ಡ್ ಬರ್ಗ್ ಮತ್ತು ಡಗ್ಲಸ್ ಬ್ರೌನ್ ನಿಮ್ಮ ಪೂರ್ವಜರನ್ನು ಸೂಕ್ಷ್ಮದರ್ಶಕದಲ್ಲಿ ಬೆನ್ನಟ್ಟಿ ಈ ಓಟ-ಲಾಗಗಳ ಲೆಕ್ಕ ತೆಗೆದರು.

4. ಮರೆವು: ರುಚಿ ಹಿಡಿಯುವ ಗ್ರಾಹಕಗಳಿಗೆ ಮೀಥೈಲ್ ಗುಂಪುಗಳು ಅಂಟಿಕೊಂಡು, ಸಿಕ್ಕ ರುಚಿಯನ್ನು ಬೇಗನೆ ಮಾಮೂಲಿ ಮಾಡಿಬಿಡುತ್ತವೆ. ದೋಷವೆಂದು ದೂರಬೇಡಿ. ಹಾಗಾಗದಿದ್ದರೆ ಮುಂದಿನ ಏರಿಕೆ ನಿಮಗೆ ಗೊತ್ತೇ ಆಗದು.

5. ತಾಪಮಾನ: ಅದೇ ಗ್ರಾಹಕಗಳು ಶಾಖವನ್ನೂ ಅಳೆಯುತ್ತವೆ. ಒಂಟಿಯಾಗಿದ್ದಾಗ ಬೆಚ್ಚಗಿನ ಕಡೆ ಹೋಗುತ್ತೀರಿ. ಸಂದಣಿ ಹೆಚ್ಚಿದರೆ, ನೆರೆಯವರು ಹೊರಬಿಟ್ಟ ಗ್ಲೈಸೀನ್ ತಗುಲಿ ತಂಪೇ ಹಿತವೆನಿಸತೊಡಗುತ್ತದೆ. ಮನಸ್ಸು ಬದಲಾಯಿಸಿದ್ದು ನೀವೇ ಎಂದುಕೊಳ್ಳಬೇಡಿ.

6. ಲಿಸ್ಟೀರಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಮಾದರಿಯವರ ಗಮನಕ್ಕೆ: 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಶಾಂಗ ಲಭ್ಯ. 37 ಡಿಗ್ರಿಯಲ್ಲಿ, ಅಂದರೆ ಮನುಷ್ಯರ ಮೈಯೊಳಗೆ, ಬಹುತೇಕ ತಳಿಗಳಲ್ಲಿ ತಯಾರಿಕೆ ಬಂದ್. ಅಲ್ಲಿ ಆತಿಥೇಯ ಕೋಶದ ಆಕ್ಟಿನ್ ಎಂಬ ಪ್ರೋಟೀನಿನಿಂದಲೇ ತಳ್ಳಿಸಿಕೊಂಡು ಸಾಗಿ.

7. ವಾರಂಟಿ: ಗುರಿ ಮುಟ್ಟಿಸುವ ಭರವಸೆ ನಾವು ಕೊಟ್ಟಿಲ್ಲ. ಸರಿದಾರಿಯಲ್ಲಿದ್ದಾಗ ತಿರುವನ್ನು ತಡಮಾಡುವ ಸೌಲಭ್ಯ ಮಾತ್ರ ಕೊಟ್ಟಿದ್ದೇವೆ. ಅವಧಿ ಮುಂದಿನ ವಿಭಜನೆಯವರೆಗೆ. ಊಟ ಚೆನ್ನಾಗಿದ್ದರೆ ಸುಮಾರು 20 ನಿಮಿಷ. ಆಮೇಲೆ ಮಾಲೀಕರು ಇಬ್ಬರು. ದೂರು ಯಾರದೆಂದು ನಿಮ್ಮನಿಮ್ಮಲ್ಲೇ ತೀರ್ಮಾನಿಸಿಕೊಂಡು ಬನ್ನಿ.